ಭಯ ಇಳಿಯುವವರೆಗೂ ಜೊತೆಗಿರುವ ಲಿಫ್ಟಣ್ಣ

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ನೆಲಮಹಡಿಯಲ್ಲಿ ಒರೆಸಿದ ನೆಲ ಇನ್ನೂ ಆರಿಲ್ಲ, ಫಿನಾಯಿಲ್ ವಾಸನೆ ಮೂಗಿಗೆ ಅಡರುತ್ತಿದೆ. ಹಳೆಯ ಲಿಫ್ಟಿನ ಜಾಲರಿ ಬಾಗಿಲಿಗೆ ಎರಡು ಹನಿ ಎಣ್ಣೆ ಬಿಟ್ಟು, ಹಿಂದೆ ಮುಂದೆ ಎಳೆದು ನೋಡಿ, ಲಿಫ್ಟಣ್ಣ ಒಳಗೆ ಹೋಗಿ ಮೂಲೆಯಲ್ಲಿ ನಿಲ್ಲುತ್ತಾರೆ. ಅವರ ಹಿಂದೆಯೇ ಊರುಗೋಲು ಹಿಡಿದು ಒಳಗೆ ಬಂದವರು ಗಡಿಯಾರ ರಿಪೇರಿ ಅಂಗಡಿಯ ಯಜಮಾನರು. ಅರವತ್ತೆಂಟರ ಪ್ರಾಯ. ಬಾಗಿಲು ಮುಚ್ಚಿದ್ದೇ ತಡ, ಹಣೆಯಲ್ಲಿ ಬೆವರು ಸಾಲುಗಟ್ಟುತ್ತದೆ.

ಲಿಫ್ಟು ಅಲುಗುವುದಿಲ್ಲ. ಇವತ್ತು ಅದು ಅಲುಗಬಾರದು. ಬಾಗಿಲು ಮುಚ್ಚಿಕೊಂಡು, ನಿಂತಲ್ಲೇ ನಿಂತಿರಬೇಕು, ಅಷ್ಟೇ.

"ಎಷ್ಟು?" ಎಂದು ಲಿಫ್ಟಣ್ಣ ಕೇಳುತ್ತಾರೆ.

"ಒಂಬತ್ತು."

ಒಂದು ನಿಮಿಷ ಬಿಟ್ಟು ಮತ್ತದೇ ಪ್ರಶ್ನೆ. ಮತ್ತದೇ ಒಂಬತ್ತು. ಯಜಮಾನರ ಉಸಿರು ಮೇಲೆ ಕೆಳಗೆ ಆಗುತ್ತಿದೆ. ಬಾಗಿಲು ತೆಗೀರಿ ಎಂದು ಒಮ್ಮೆ ಹೇಳುತ್ತಾರೆ. ಎರಡನೇ ಸಲ ಹೇಳಿದರೆ ತೆಗೆಯಲೇಬೇಕು, ಅದು ಮೊದಲೇ ಆಗಿರುವ ಮಾತು. ಲಿಫ್ಟಣ್ಣನ ಕೈ ಬಾಗಿಲ ಹಿಡಿಯ ಮೇಲಿದೆ. ಎರಡನೇ ಸಲ ಯಜಮಾನರು ಹೇಳುವುದಿಲ್ಲ. ಎಂಟನೇ ನಿಮಿಷಕ್ಕೆ ಏಳು, ಹದಿನೈದಕ್ಕೆ ಐದು. ಇಪ್ಪತ್ತೆರಡನೇ ನಿಮಿಷಕ್ಕೆ "ಮೂರು ಅಂತ ಬರ್ಕೊಳ್ಳಿ" ಎಂದು ಅವರೇ ಕರ್ಚೀಫು ತೆಗೆದು ಮುಖ ಒರೆಸಿಕೊಳ್ಳುತ್ತಾರೆ. ಹೊರಗೆ ಬಂದಾಗ ಅಂಗಿ ಪೂರ್ತಿ ಒದ್ದೆ. ಆದರೂ ಮುಖದಲ್ಲಿ ಪರೀಕ್ಷೆ ಪಾಸಾದವರ ಕಳೆ.

ಮೂವತ್ತೊಂದು ವರ್ಷದಿಂದ ಈ ಏಳಂತಸ್ತಿನ ಆಸ್ಪತ್ರೆಯ ಲಿಫ್ಟು ನಡೆಸುತ್ತಿರುವ ಇವರನ್ನು ಹೆಸರು ಹಿಡಿದು ಕರೆಯುವವರು ಸಂಬಳದ ಪಟ್ಟಿ ಬರೆಯುವ ಗುಮಾಸ್ತರೊಬ್ಬರೇ. ಉಳಿದವರಿಗೆಲ್ಲ ಲಿಫ್ಟಣ್ಣ. ಏಳು ಗಂಟೆಗೆ ರೋಗಿಗಳ ಸಾಲು ಶುರುವಾದರೆ ಮಧ್ಯಾಹ್ನ ಮೂರರವರೆಗೆ ಕೈಗೆ ಬಿಡುವಿಲ್ಲ. ದಿನಕ್ಕೆ ಇನ್ನೂರು, ಇನ್ನೂರ ಇಪ್ಪತ್ತು ಸಲ ಮೇಲೆ ಕೆಳಗೆ. ತಡವಾದರೆ ಬೈಗುಳ, ತುಂಬಿದ್ದರೆ ಬೈಗುಳ, ಕರೆಂಟು ಹೋದರಂತೂ ಇವರೇ ತಂತಿ ಕಿತ್ತಿಟ್ಟವರ ಹಾಗೆ ಬೈಗುಳ. ನಿಂತೂ ನಿಂತೂ ಎರಡೂ ಕಾಲಿನ ನರಗಳು ಗಂಟುಕಟ್ಟಿವೆ. "ದಿನಾ ಅಷ್ಟೊಂದು ಓಡಾಡ್ತೀರಿ, ಒಂದಡಿ ಮುಂದೆ ಹೋಗಿಲ್ಲ ನೀವು" ಎಂದು ಹೆಂಡತಿ ಕಾಲಿಗೆ ಪಟ್ಟಿ ಸುತ್ತುತ್ತಲೇ ಕೀಟಲೆ ಮಾಡುತ್ತಾರೆ.

ಬೆಳಗಿನ ಆ ಒಂದು ಗಂಟೆಯ ಕೆಲಸ ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ.

ಅದು ಶುರುವಾದದ್ದು ಹನ್ನೊಂದು ವರ್ಷದ ಕೆಳಗೆ. ಮಾನಸಿಕ ಚಿಕಿತ್ಸಾ ವಿಭಾಗಕ್ಕೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಒಂದು ದಿನ ಲಿಫ್ಟಿನೊಳಗೆ ಬಂದು, ಬೆಳಿಗ್ಗೆ ಜನ ಬರುವ ಮುಂಚೆ ಇದನ್ನು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿಸಿಕೊಡಲು ಆಗುತ್ತದೆಯೇ ಎಂದು ಕೇಳಿದರು. ನಿಲ್ಲಿಸುವುದಕ್ಕೆ ಲಿಫ್ಟು ಯಾಕೆ ಬೇಕು ಎಂದು ಲಿಫ್ಟಣ್ಣನಿಗೆ ನಗು ಬಂತಂತೆ. ಡಾಕ್ಟರಮ್ಮ ಕೂತು ಬಿಡಿಸಿ ಹೇಳಿದರು. ಮನಸ್ಸಿನ ಕಾಯಿಲೆಗಳಲ್ಲಿ ಕೆಲವಕ್ಕೆ ಮಾತ್ರೆ ಬೇಕು, ಕೆಲವಕ್ಕೆ ಮಾತು ಬೇಕು, ಕೆಲವಕ್ಕೆ ಎರಡೂ. ಲಿಫ್ಟು, ಮುಚ್ಚಿದ ಕೋಣೆ, ಜನಜಂಗುಳಿ ಎಂದರೆ ಜೀವ ಹೋಗುವಷ್ಟು ಹೆದರುವವರಿಗೆ ಮುಖ್ಯವಾಗಿ ಬೇಕಾದದ್ದು ಅಭ್ಯಾಸ. ಯಾವುದಕ್ಕೆ ಹೆದರಿಕೆಯೋ ಅದರ ಹತ್ತಿರ, ಅವರು ಒಪ್ಪಿದಷ್ಟೇ, ಒಂದೊಂದೇ ಮೆಟ್ಟಿಲು ಹೋಗಬೇಕು. ಮೊದಲ ದಿನ ಬೆಂಚಿನ ಮೇಲೆ ಕೂತು ಲಿಫ್ಟನ್ನು ನೋಡುವುದು. ಆಮೇಲೆ ಹೊಸ್ತಿಲು. ಆಮೇಲೆ ಬಾಗಿಲು ತೆರೆದಿಟ್ಟು ಒಳಗೆ. ಮುಚ್ಚಿ ಒಳಗೆ. ಒಂದು ಮಹಡಿ, ಎರಡು ಮಹಡಿ. ಪ್ರತಿ ನಿಮಿಷ ಭಯ ಎಷ್ಟಿದೆ ಎಂದು ಹತ್ತಕ್ಕೆ ಲೆಕ್ಕ ಕೇಳಬೇಕು.

"ಭಯ ಏರುತ್ತೆ. ಏರಿದ್ದು ತಾನಾಗೇ ಇಳಿಯುತ್ತೆ. ಇಳಿಯೋ ತನಕ ಅಲ್ಲೇ ಇದ್ದರೆ, ಇಳಿಯುತ್ತೆ ಅನ್ನೋದು ಅವರಿಗೇ ಗೊತ್ತಾಗುತ್ತೆ," ಎಂದಿದ್ದರು ಡಾಕ್ಟರಮ್ಮ. ಅದನ್ನು ಲಿಫ್ಟಣ್ಣ ಇವತ್ತಿಗೂ ಅಕ್ಷರ ಬಿಡದೆ ಒಪ್ಪಿಸುತ್ತಾರೆ.

ಆದರೆ ಒಪ್ಪಿಸುವುದು ಬೇರೆ, ಮಾಡುವುದು ಬೇರೆ. ಮೊದಲು ಬಂದವರು ಒಬ್ಬ ಶಾಲಾ ಶಿಕ್ಷಕಿ. ಮೊದಲೆರಡು ದಿನ ಡಾಕ್ಟರಮ್ಮನೇ ಜೊತೆಗಿದ್ದರು. ಮೂರನೇ ದಿನ ಅವರು ಪಕ್ಕದ ಕೋಣೆಯಲ್ಲಿದ್ದಾಗ ಟೀಚರ ತುಟಿ ನಡುಗಿತು, ಕಣ್ಣಲ್ಲಿ ನೀರು ಬಂತು. ಅವರು ತೆಗೆಯಿರಿ ಎಂದಿರಲಿಲ್ಲ. ಲಿಫ್ಟಣ್ಣನಿಗೇ ಕರುಳು ಚುರುಕ್ ಎಂದು, ಬಾಗಿಲು ದರದರ ಎಳೆದು, ಕೈಹಿಡಿದು ಹೊರಗೆ ಕರೆತಂದು, ನೀರು ಕೊಟ್ಟು, ಇನ್ನು ಏನೂ ಹೆದರಬೇಡಿ ತಾಯಿ ಎಂದು ಹತ್ತು ಸಲ ಹೇಳಿದರು. ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೇ ಮನೆಗೆ ಹೋದರು. ಟೀಚರು ಮಾರನೇ ದಿನ ಬರಲಿಲ್ಲ. ಆಮೇಲೆಯೂ ಬರಲಿಲ್ಲ.

"ನಾನು ಕಾಪಾಡಿದ್ದು ಅವರನ್ನಲ್ಲ, ಅವರ ಭಯಾನ," ಎನ್ನುತ್ತಾರೆ ಲಿಫ್ಟಣ್ಣ. "ಓಡಿ ಬಂದಿದ್ದಕ್ಕೇ ಬದುಕಿದೆ ಅಂತ ಅವರ ಮನಸ್ಸಿಗೆ ಕೂತುಬಿಡ್ತು. ಡಾಕ್ಟರಮ್ಮ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು."

ಅಂದಿನಿಂದ ಅವರು ಕಲಿತದ್ದು ಸುಮ್ಮನಿರುವ ವಿದ್ಯೆ. ಧೈರ್ಯ ತುಂಬುವುದಿಲ್ಲ, ಏನೂ ಆಗಲ್ಲ ಎನ್ನುವುದಿಲ್ಲ, ಬೆನ್ನು ಸವರುವುದಿಲ್ಲ. ಪಕ್ಕದಲ್ಲಿ ನಿಂತು ಎಷ್ಟು ಎಂದು ಕೇಳುತ್ತಾರೆ, ಹೇಳಿದ್ದನ್ನು ಹಳೆಯ ಚೀಟಿಯ ಬೆನ್ನಿಗೆ ಬರೆದು ಡಾಕ್ಟರಮ್ಮನಿಗೆ ಕೊಡುತ್ತಾರೆ. ಬಾಯಿಬಡುಕ ಎಂದು ಮನೆಯಲ್ಲಿ ಹೆಸರು ಪಡೆದವರಿಗೆ ಇದು ಎಷ್ಟು ಕಷ್ಟವಾಗಿರಬೇಕು ಎಂಬುದನ್ನು ಅವರ ಹೆಂಡತಿಯೇ ಹೇಳಬೇಕು. ಮೊದಮೊದಲು ಮನೆಗೆ ಬಂದು ಉಳಿಸಿಟ್ಟ ಮಾತೆಲ್ಲ ಆಕೆಯ ತಲೆಗೇ ಸುರಿಯುತ್ತಿದ್ದರಂತೆ.

ಇಷ್ಟೆಲ್ಲ ಯಾಕೆ ಮೈಮೇಲೆ ಹಾಕಿಕೊಂಡಿರಿ ಎಂದರೆ ಲಿಫ್ಟಣ್ಣ ಮನೆಯ ಹಳೆಯ ಕತೆ ತೆಗೆಯುತ್ತಾರೆ. ಅವರಿಗೊಬ್ಬ ಅಣ್ಣ ಇದ್ದ. ಇಪ್ಪತ್ತಮೂರನೇ ವಯಸ್ಸಿಗೆ ಬೀದಿಗೆ ಕಾಲಿಡಲು ಹೆದರಿ ಕೋಣೆ ಸೇರಿದವನು ಒಂಬತ್ತು ವರ್ಷ ಹೊರಗೆ ಬರಲಿಲ್ಲ. ಮೈಗಳ್ಳ ಎಂದರು ಅಪ್ಪ. ಒಂದು ದಿನ ರಟ್ಟೆ ಹಿಡಿದು ದರದರ ಎಳೆದು ಬೀದಿಯಲ್ಲಿ ನಿಲ್ಲಿಸಿದರು. ಅವನು ಅಲ್ಲೇ ಕುಸಿದು ಕೂತ. ಅದೇ ಕೋಣೆಯಲ್ಲಿ ಜ್ವರ ಬಂದು ತೀರಿಕೊಂಡ. ಆಸ್ಪತ್ರೆಗೆ ಬಾ ಎಂದರೂ ಹೊಸ್ತಿಲು ದಾಟಲಿಲ್ಲ.

"ಅಪ್ಪನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಎಳೆಯೋರಿದ್ರು, ಬೈಯೋರಿದ್ರು. ಬಾಗಿಲಲ್ಲಿ ಅವನ ಜೊತೆ ಒಂದತ್ತು ನಿಮಿಷ ನಿಲ್ಲೋರು ಯಾರೂ ಇರಲಿಲ್ಲ."

ಹನ್ನೊಂದು ವರ್ಷದಲ್ಲಿ ಲಿಫ್ಟಣ್ಣ ಹೀಗೆ ಜೊತೆ ನಿಂತದ್ದು ನೂರಾ ನಲವತ್ತಾರು ಜನಕ್ಕೆ. ಮೇಲಿನ ಮಹಡಿ ಮುಟ್ಟಿದವರು ನೂರಾ ಎಂಟು. ಉಳಿದವರಲ್ಲಿ ಕೆಲವರು ಅರ್ಧಕ್ಕೆ ಬಿಟ್ಟರು, ಕೆಲವರಿಗೆ ಡಾಕ್ಟರಮ್ಮ ಬೇರೆ ದಾರಿ ಹುಡುಕಿದರು. ಈ ಅಂಕಿ ಡಾಕ್ಟರಮ್ಮನದು. ಲಿಫ್ಟಣ್ಣನಿಗೆ ನೆನಪಿರುವುದು ಬಿಟ್ಟುಹೋದವರ ಮುಖಗಳೇ ಹೆಚ್ಚು.

ಗಡಿಯಾರದ ಯಜಮಾನರದು ಗಡಿಬಿಡಿಯ ಕೇಸು. ಅವರ ಹೆಂಡತಿಗೆ ಬೆನ್ನುಮೂಳೆಯ ಆಪರೇಷನ್ ಆಗಿ ಆರನೇ ಮಹಡಿಯಲ್ಲಿ ಮಲಗಿಸಿದ್ದಾರೆ, ಅಲುಗಾಡುವಂತಿಲ್ಲ. ಯಜಮಾನರ ಸೊಂಟಕ್ಕೂ ಆಪರೇಷನ್ ಆಗಿದೆ, ಮೆಟ್ಟಿಲು ಹತ್ತುವಂತಿಲ್ಲ. ಲಿಫ್ಟು ಹತ್ತೋಣವೆಂದರೆ, ಹತ್ತೊಂಬತ್ತು ವರ್ಷದ ಹಿಂದೆ ಎಲ್ಲೋ ಒಂದು ಲಿಫ್ಟಿನಲ್ಲಿ ಕತ್ತಲಲ್ಲಿ ಮೂರು ಗಂಟೆ ಸಿಕ್ಕಿಬಿದ್ದ ಮೇಲೆ ಅದರ ಹತ್ತಿರ ಸುಳಿದಿಲ್ಲ. ಕುರ್ಚಿಯಲ್ಲಿ ಹೊತ್ತುಕೊಂಡು ಹೋಗುತ್ತೇವೆ ಎಂದರೆ, ಸಾಮಾನಿನ ಹಾಗೆ ಹೆಂಡತಿಯ ಮುಂದೆ ಇಳಿಸಿಕೊಳ್ಳಲಾರೆ ಎಂದರು. ಹನ್ನೆರಡು ದಿನ ಕೆಳಗಿನ ಬೆಂಚಿನಲ್ಲಿ ಕೂತು ಮೇಲಿದ್ದ ಹೆಂಡತಿಗೆ ಫೋನು ಮಾಡುತ್ತಿದ್ದವರನ್ನು ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದದ್ದು ಲಿಫ್ಟಣ್ಣನೇ.

ಮುಚ್ಚಿದ ಲಿಫ್ಟಿನೊಳಗೆ ಇಪ್ಪತ್ತೆರಡು ನಿಮಿಷ ನಿಂತ ಮರುದಿನ ಯಜಮಾನರು ಒಂದು ಮಹಡಿ ಏರುತ್ತಾರೆ. ಅದರ ಮರುದಿನ ಮೂರು. ಆಮೇಲೊಂದು ದಿನ ಹೊಸ್ತಿಲಲ್ಲೇ ಕಾಲು ಕಿತ್ತಿಡಲಾಗದೆ ವಾಪಸ್ಸು ಹೋಗುತ್ತಾರೆ. ಆವತ್ತು ಲಿಫ್ಟಣ್ಣ ಮನೆಯಲ್ಲಿ ಸರಿಯಾಗಿ ಊಟ ಮಾಡಲಿಲ್ಲವಂತೆ. ಶುಕ್ರವಾರ ಯಜಮಾನರು ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಬರುತ್ತಾರೆ. ಎರಡನೇ ಮಹಡಿಯಲ್ಲಿ ಎಂಟು. ನಾಲ್ಕರಲ್ಲಿ ಎಂಟು. ಐದನ್ನು ದಾಟುವಾಗ ಲಿಫ್ಟಣ್ಣ ಮತ್ತೆ ಎಷ್ಟು ಎನ್ನುತ್ತಾರೆ. ಯಜಮಾನರು ಎಡಗೈಯಿಂದ ತಲೆಗೂದಲು ಸರಿಮಾಡಿಕೊಳ್ಳುತ್ತಿದ್ದಾರೆ.

ಆರನೇ ಮಹಡಿಯ ವಾರ್ಡಿನ ಬಾಗಿಲವರೆಗೆ ಲಿಫ್ಟಣ್ಣ ಹೋಗುತ್ತಾರೆ, ಮುಂದಕ್ಕಲ್ಲ. ಒಳಗಿನಿಂದ ಒಂದು ಹೆಣ್ಣು ದನಿ ಕೇಳುತ್ತದೆ. "ಬಂದ್ರಾ? ತಿಂಡಿ ಆಯ್ತಾ ನಿಮ್ದು?" ಅದಕ್ಕೆ ಯಜಮಾನರು ಏನೆಂದರೋ ಲಿಫ್ಟಣ್ಣ ನಿಂತು ಕೇಳಿಸಿಕೊಳ್ಳಲಿಲ್ಲ. ಏಳು ಗಂಟೆಯಾಗಿತ್ತು, ಕೆಳಗೆ ಗಂಟೆ ಒತ್ತುತ್ತಿದ್ದರು.

ಮುಂದಿನ ವರ್ಷ ಲಿಫ್ಟಣ್ಣನಿಗೆ ನಿವೃತ್ತಿ. ಹೊಸ ಲಿಫ್ಟು ಬರುವುದಿದೆ, ಅದಕ್ಕೆ ನಡೆಸುವವರು ಬೇಕಿಲ್ಲ. ಬೆಳಗಿನ ಕೆಲಸಕ್ಕೆ ಬೇರೆಯವರನ್ನು ತಯಾರು ಮಾಡಿಕೊಡಿ ಎಂದು ಡಾಕ್ಟರಮ್ಮ ಕೇಳಿದ್ದಾರೆ. ಲಿಫ್ಟಣ್ಣನ ಕಣ್ಣು ಸ್ವಚ್ಛತಾ ವಿಭಾಗದ ಒಬ್ಬ ಹೆಂಗಸಿನ ಮೇಲಿದೆ. ಆಕೆ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾರೆ, ಅದೇ ದೊಡ್ಡ ಯೋಗ್ಯತೆ ಎನ್ನುವುದು ಇವರ ವಾದ.

ಗುಣವಾದವರು ಆಮೇಲೆ ಬಂದು ಮಾತಾಡಿಸುತ್ತಾರಾ ಎಂದು ಕೇಳಿದರೆ ನಕ್ಕುಬಿಡುತ್ತಾರೆ. ಹೋದ ತಿಂಗಳು, ಹೊಸ್ತಿಲು ದಾಟಲು ಐದು ವಾರ ತೆಗೆದುಕೊಂಡಿದ್ದ ಬ್ಯಾಂಕಿನ ಹೆಂಗಸೊಬ್ಬರು ಜನರ ನಡುವೆ ನುಗ್ಗಿಕೊಂಡು ಲಿಫ್ಟಿಗೆ ಬಂದರಂತೆ. ಕಿವಿಗೆ ಫೋನು, ತಂಗಿಯ ಜೊತೆ ಯಾವುದೋ ಪರದೆ ಬಟ್ಟೆಯ ಬಣ್ಣದ ಬಗ್ಗೆ ಜಗಳ.

"ನನ್ನ ಮುಖಾನೂ ನೋಡಲಿಲ್ಲ. 'ಮೂರು' ಅಂದ್ರು, ಇಳಿದು ಹೋದ್ರು," ಎನ್ನುತ್ತಾರೆ ಲಿಫ್ಟಣ್ಣ. "ಅವರಿಗೆ ಲಿಫ್ಟು ಈಗ ಬರೀ ಲಿಫ್ಟು. ಆವತ್ತು ಮನೆಗೆ ಹೋಗಿ ಇವಳಿಗೆ ಎರಡು ಸಲ ಹೇಳ್ದೆ."