ಗೂಟ ಇಳಿಯುವ ನೆಲ

ನಮ್ಮ ಚಿಕ್ಕಪ್ಪ ಶಾಮಿಯಾನ ಹಾಕುವವರು. ಊರಿಗೆಲ್ಲ ಅವರು ಗೂಟದಣ್ಣ. ಯಾವ ಬಯಲಿಗೆ ಹೋದರೂ ಮೊದಲು ಚಪ್ಪಲಿ ಬಿಟ್ಟು ಹಿಮ್ಮಡಿಯಿಂದ ನೆಲ ಒತ್ತಿ ನೋಡಬೇಕು, ಆಮೇಲೆಯೇ ಮಾತು. ಗೂಟ ಸಲೀಸಾಗಿ ಇಳಿದು ಬಿಗಿಯಾಗಿ ನಿಂತರೆ ಅದು ಒಳ್ಳೆಯ ನೆಲ. ಕಲ್ಲುನೆಲದಲ್ಲಿ ಮರಳುಮೂಟೆಗೆ ಹಗ್ಗ ಕಟ್ಟಿ ಡೇರೆ ನಿಲ್ಲಿಸುವವರನ್ನು ಕಂಡರೆ ಅವರಿಗೆ ನಗು.

"ಮೂಟೆ ಕಟ್ಟೋದು ಗೂಟ ಹೊಡೆಯೋಕೆ ಬರದೇ ಇರೋರ ಕೆಲಸ."

"ಹೌದೌದು, ಮನೇಲಿ ಒಂದು ಮೊಳೆ ಹೊಡೀರಿ ಅಂದ್ರೆ ಮಾತ್ರ ಕೈನೋವು" ಎಂದು ಚಿಕ್ಕಮ್ಮ ಒಳಗಿನಿಂದಲೇ ಕಾಲೆಳೆಯುತ್ತಿದ್ದಳು.

ಆ ಮಳೆಗಾಲ ಜ್ವರ ಹಬ್ಬಿ ಆಸ್ಪತ್ರೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ತಾತ್ಕಾಲಿಕ ವಾರ್ಡಿಗೆ ಡೇರೆ ಹಾಕಲು ಚಿಕ್ಕಪ್ಪನನ್ನೇ ಕರೆದರು. ಜಾಗ ಎರಡಿತ್ತು: ಊರಾಚೆಯ ಬೋಳು ಬಂಡೆದಿಬ್ಬ, ಇಲ್ಲವೇ ಅದರ ಕೆಳಗೇ ಇದ್ದ ಹೊಳೆಪಕ್ಕದ ಬಯಲು. ಎಲ್ಲಿ ಅನುಕೂಲ, ನೀವೇ ಹೇಳಿ ಎಂದರು ಡಾಕ್ಟರಮ್ಮ.

ಚಿಕ್ಕಪ್ಪ ಬಯಲಲ್ಲಿ ಹಿಮ್ಮಡಿ ಒತ್ತಿದರು. "ಇಲ್ಲೇ ಹಾಕೋಣ. ನೆಲ ಬೆಣ್ಣೆ ಇದ್ದಂಗಿದೆ."

ಬೆಣ್ಣೆಯಂತಿರದೆ ಇನ್ನೇನು? ಹೊಳೆ ಉಕ್ಕಿದಾಗಲೆಲ್ಲ ತಂದು ಸುರಿದ ಮೆಕ್ಕಲುಮಣ್ಣು ಅದು. ಜೀವಮಾನವಿಡೀ ನೆಲ ತುಳಿದವರ ತಲೆಗೆ ಇಷ್ಟು ಹೋಗಲಿಲ್ಲವಲ್ಲ ಎಂದು ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಡೇರೆ ಎದ್ದ ವಾರದಲ್ಲೇ ಚಿಕ್ಕಮ್ಮನಿಗೂ ಜ್ವರ ಹಿಡಿಯಿತು. "ನಿಮ್ಮ ಡೇರೇಲಿ ಮಲಗೋ ಯೋಗ ಕೊನೆಗೂ ಬಂತು ನೋಡಿ" ಎಂದು ಅಲ್ಲೂ ನಕ್ಕಳು. ಡ್ರಿಪ್ ಹಾಕಿದ ಮೇಲೆ ಚೇತರಿಸಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಹೊಳೆ ಒಳಗೆ ಬಂತು. ರೋಗಿಗಳನ್ನು ಮಂಚ ಸಮೇತ ಹೊತ್ತು ದಿಬ್ಬ ಹತ್ತಿಸಿದೆವು. ಯಾರೂ ಮುಳುಗಲಿಲ್ಲ. ಆದರೆ ಔಷಧಿ, ಡ್ರಿಪ್, ಕಂಬಳಿ ಎಲ್ಲ ನೀರುಪಾಲು. ರಸ್ತೆ ಮುಳುಗಿದ್ದರಿಂದ ಆಂಬುಲೆನ್ಸ್ ಬರಲಿಲ್ಲ. ಸೂರಿಲ್ಲದೆ ಸಂಜೆಯವರೆಗೂ ಮಳೆಯಲ್ಲಿ ನೆನೆದ ಚಿಕ್ಕಮ್ಮ ಆ ಮಂಚದಿಂದ ಮತ್ತೆ ಏಳಲಿಲ್ಲ. ಕೆಳಗೆ ನೀರಿನ ನಡುವೆ ಡೇರೆ ಮಾತ್ರ ಗಟ್ಟಿಯಾಗಿ ನಿಂತಿತ್ತು. ಒಂದು ಗೂಟವೂ ಕಿತ್ತುಬಂದಿರಲಿಲ್ಲ.

ನೀರಿಳಿದ ಮೇಲೆ ವಾರ್ಡನ್ನು ದಿಬ್ಬದ ಮೇಲೆ ಹಾಕುವುದೆಂದಾಯಿತು. ಯಾರೂ ಕರೆಯದಿದ್ದರೂ ಚಿಕ್ಕಪ್ಪ ಹೋದರು. ಈ ಸಲ ಚಪ್ಪಲಿ ಬಿಡಲಿಲ್ಲ. ಚೀಲಗಳಿಗೆ ಮರಳು ತುಂಬಿ, ಬಾಯಿ ಹೊಲಿದು, ಒಂದೊಂದಕ್ಕೂ ಹಗ್ಗ ಬಿಗಿದರು. ಚೆನ್ನಾಗಿ ಬೈದುಬಿಡಬೇಕೆಂದು ಹೋದ ನಾನು ಚೀಲದ ಬಾಯಿ ಹಿಡಿದು ಕೂತೆ.

ಮಧ್ಯಾಹ್ನದೊಳಗೆ ಡೇರೆ ಎದ್ದಿತು. ಚಿಕ್ಕಪ್ಪ ಹಗ್ಗವನ್ನು ಜಗ್ಗಿ ಜಗ್ಗಿ ನೋಡಿದರು. ಮೂಟೆ ಕದಲಲಿಲ್ಲ.

"ಒಂದೊತ್ತಿನ ಕೆಲಸ ಕಣಮ್ಮ" ಎಂದರು, ನನ್ನ ಮುಖ ನೋಡದೆ. "ಇಷ್ಟೇ ಇತ್ತು."