ವ್ಯಾನಿನ ಛತ್ತಿಗೆ ವಿಭೂತಿ

ಎಂಬತ್ತರ ದಶಕದಲ್ಲಿ ನಾನು ಓಡಿಸುತ್ತಿದ್ದ ಬೀಜದ ಕಂಪನಿಯೊಂದರ ವ್ಯಾನೇ ನನ್ನ ಮನೆ. ಒಳಗೆ ಮಂಚ, ದಿನಾ ಆಮ್ಲೆಟ್ ಹಾಕಿಕೊಳ್ಳಲು ಸ್ಟೋವು, ತಲೆಯ ಮೇಲೆ ತಿಳಿನೀಲಿ ಬಟ್ಟೆಯ ಛತ್ತು. ಹೊರಗಿನವರನ್ನು ಹತ್ತಿಸಬಾರದೆಂದು ಕಂಪನಿ ಸಾಹೇಬರ ಕಟ್ಟಪ್ಪಣೆ. ಆದರೆ ಸಿಂಧನೂರಿನ ದಾರಿಯಲ್ಲಿ ಕೈ ಮಾಡಿದವರನ್ನು ಬಿಟ್ಟುಹೋಗೋಕೆ ನನಗೆ ಮನಸ್ಸು ಬರುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಛತ್ತಿನ ತುಂಬ ದುಂಡನೆಯ ಕಪ್ಪು ಕಲೆಗಳು ಕಂಡವು. ಸೋರಲು ಮಳೆಯೇ ಇರಲಿಲ್ಲ. ಆಮ್ಲೆಟ್ಟಿನ ಹೊಗೆ ಇರಬೇಕೆಂದು ಸೋಪು ಹಾಕಿ ತಿಕ್ಕಿದೆ. ಕಲೆ ಇನ್ನಷ್ಟು ಹರಡಿತು. ಮರುದಿನ ದಢೇಸುಗೂರಿನಲ್ಲಿ ಒಬ್ಬ ಅಜ್ಜಿ ಹತ್ತಿದಳು. ಕಾಲುವೆ ದಿಬ್ಬದಲ್ಲಿ ಗಾಡಿ ಎಗರಿ ಅವಳ ತಲೆ ಛತ್ತಿಗೆ ಬಡಿಯಿತು. ತಿರುಗಿ ನೋಡಿದರೆ ಅಲ್ಲೊಂದು ಹೊಸ ಕಲೆ! ಹಳೆಯ ಕಲೆಗಳೂ ಹೀಗೆ ಹತ್ತಿದವರ ತಲೆಯೆಣ್ಣೆಯವೇ.

“ಅಯ್ಯೋ ಅಜ್ಜಿ, ಲಿಂಗಸುಗೂರಾಗ ಸಾಹೇಬ್ರು ಗಾಡಿ ಹತ್ತತಾರ. ಮಂದೀನ ಕೂಡಿಸಿದ್ದು ಗೊತ್ತಾದ್ರ ನನ್ನ ನೌಕರಿ ಹೋಗತೈತಿ!”

“ಗಾಬರಿ ಆಗಬ್ಯಾಡೋ ತಮ್ಮಾ, ಇಬತ್ತಿ ಎಂಥಾ ಎಣ್ಣೀನೂ ಕುಡಿತೈತಿ.”

ಮಸ್ಕಿಯಲ್ಲಿ ಇಳಿಯುವ ಮುಂಚೆ ಅಜ್ಜಿ ಚೀಲದಿಂದ ವಿಭೂತಿ ತೆಗೆದು ಕಲೆ ಕಲೆಗೂ ಬಳಿದಳು. ಅವಳ ಕೈ ರೂಢಿ ಬಿಡಲಿಲ್ಲ. ಎಲ್ಲಾ ಕಡೆ ಮೂರು ಬೆರಳಿನ ಪಟ್ಟೆಯೇ ಮೂಡಿತು. ಎಷ್ಟು ಝಾಡಿಸಿದರೂ ಎಣ್ಣೆಗೆ ಅಂಟಿದ ಬಿಳುಪು ಹೋಗಲಿಲ್ಲ.

ಲಿಂಗಸುಗೂರಿನಲ್ಲಿ ಸಾಹೇಬರು ಬಾಗಿಲಲ್ಲೇ ನಿಂತು ಛತ್ತು ನೋಡಿದರು. ಆಮೇಲೆ ಬೂಟು ಬಿಚ್ಚಿ ಹೊರಗಿಟ್ಟು, ಕೈಮುಗಿದು ಒಳಗೆ ಬಂದರು.

ನೌಕರಿ ಉಳಿಯಿತು. ಆದರೆ ಆ ಛತ್ತಿನ ಕೆಳಗೆ ಮತ್ತೆ ಮೊಟ್ಟೆ ಒಡೆಯುವ ಧೈರ್ಯ ಮಾತ್ರ ನನಗೆ ಬರಲಿಲ್ಲ.