ಒಳ್ಳೆಯ ಹೊತ್ತಿಗೇ ಕೈಕೊಡುವ ಆ್ಯಪ್

"ಅಮ್ಮಿ, ನಿನ್ನ ಆಪು ತಿರ್ಗಾ ಗಿರಗಿರ ಸುತ್ತುತಾ ಕುಂತದೆ. ಏನ್ ಮಾಡನೆ ಈಗ?"

ಬೆಸಗರಹಳ್ಳಿ ಕಡೆಯಿಂದ ಅತ್ತೆಯ ಫೋನು. ಇವಳು ಅಪ್ಪನ ತಂಗಿ, ಅಲ್ಲಿ ಚಾಕಿ ಕೇಂದ್ರ ನಡೆಸುತ್ತಾಳೆ. ರೇಷ್ಮೆ ಮೊಟ್ಟೆ ತಂದು ಮರಿ ಮಾಡಿಸಿ, ಕೂದಲೆಳೆಯಂಥ ಹುಳಗಳಿಗೆ ಎಳೆಯ ಹಿಪ್ಪುನೇರಳೆ ಸೊಪ್ಪು ಹೆಚ್ಚಿ ಹಾಕಿ, ಎರಡು ಸಲ ಪೊರೆ ಬಿಡುವ ಹೊತ್ತಿನವರೆಗೆ ಸಾಕಿ ರೈತರಿಗೆ ಕೊಡುವ ಕೆಲಸ. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕುಳಿತ ಹುಳ ಮೇಯುವುದಿಲ್ಲ, ಅಲುಗುವುದಿಲ್ಲ. ಎರಡನೇ ಜ್ವರದ ಆ ಬಿಡುವಿನಲ್ಲೇ ಅದು ರೈತರ ಹುಳುಮನೆ ಸೇರಿಬಿಡಬೇಕು. ಎದ್ದಿತೆಂದರೆ ಹಸಿವು, ಆಮೇಲೆ ಅದು ಯಾರ ಮಾತನ್ನೂ ಕೇಳುವುದಿಲ್ಲ.

ಯಾರು ಯಾವ ಹೊತ್ತಿಗೆ ಬಂದು ಹುಳ ಒಯ್ಯಬೇಕು ಎಂಬುದನ್ನು ಅತ್ತೆ ಮೊದಲು ಫೋನಿನಲ್ಲೇ ಗೊತ್ತುಮಾಡುತ್ತಿದ್ದಳು. ಅದನ್ನು ಬಿಡಿಸಿ ಆ್ಯಪ್ ಹಿಡಿಸಿದವಳು ನಾನು. ಮದ್ದೂರು, ಮಳವಳ್ಳಿ ಕಡೆಯ ರೈತರಿಗೆ ಅವಳು "ನಮ್ಮಣ್ಣನ ಮಗ್ಳು ಮಾಡವ್ಳೆ, ನಂಬಿ" ಎಂದು ಒಬ್ಬೊಬ್ಬರಿಗೂ ಹೇಳಿ ಒಪ್ಪಿಸಿದ್ದಳು. ಈಗ ಒಂದರ ಹಿಂದೊಂದು ಎರಡು ಬ್ಯಾಚಿಗೂ ಅದು ಕೈಕೊಟ್ಟಿತ್ತು. ಸುತ್ತಮುತ್ತ ಬೇರೆ ಚಾಕಿ ಕೇಂದ್ರಗಳಿಗೇನೂ ಬರವಿರಲಿಲ್ಲ.

"ಮುಂದಿನ ಬ್ಯಾಚ್ಗೂ ಇಂಗೇ ಆದ್ರೆ ನಾನು ಫೋನ್ಗೇ ಓಯ್ತೀನಿ ಕಣಮ್ಮಿ. ನಿನ್ನ ಆಪು ಉಳ್ಸಕ್ಕೋಗಿ ನನ್ ಮಾತು ಕಳ್ಕಳಕಾಯ್ತದಾ?"

ಚರ್ಚಾಸ್ಪರ್ಧೆಗಳಲ್ಲಿ ನಾನು ಸದಾ ವಿರೋಧದ ಪಕ್ಷ ಕೇಳಿ ಪಡೆಯುತ್ತಿದ್ದವಳು. ಪರವಾಗಿ ಮಾತಾಡುವವರು ಇಡೀ ಗೋಡೆ ಕಟ್ಟಬೇಕು. ನನಗೆ ಒಂದು ಸಡಿಲ ಇಟ್ಟಿಗೆ ಸಿಕ್ಕರೆ ಸಾಕು. ಆದರೆ ಅತ್ತೆಯ ಈ ಮಾತಿನಲ್ಲಿ ಸಡಿಲವಾದದ್ದು ಯಾವುದೂ ಸಿಗಲಿಲ್ಲ. "ನೋಡ್ತೀನಿ ಅತ್ತೆ" ಎಂದು ಫೋನಿಟ್ಟೆ.

ಮಂಡ್ಯದ ಗುತ್ತಲಿನಲ್ಲಿ ನಮ್ಮದೊಂದು ಕೋಣೆಯ ಕಚೇರಿ. ನಾನು, ಮತ್ತೆ ಕಾಲೇಜಿನ ಚರ್ಚಾ ತಂಡದಲ್ಲಿ ಜೊತೆಗಿದ್ದ ಗೆಳೆಯ, ಇಬ್ಬರೇ. ನಮ್ಮದೆಂದು ಹೇಳಿಕೊಳ್ಳುವ ಸರ್ವರ್ ಯಾವುದೂ ಇಲ್ಲ. ಹುಳ ಒಯ್ಯುವ ಹಿಂದಿನ ದಿನ ರೈತ ಹೊತ್ತು ಕೇಳಿ ಗುಂಡಿ ಒತ್ತಿದಾಗ ಎಲ್ಲೋ ದೂರದ ಕಂಪನಿಯೊಂದರ ಯಂತ್ರದಲ್ಲಿ ನಮ್ಮ ಪುಟ್ಟ ಪ್ರೋಗ್ರಾಂ ಎಚ್ಚರಗೊಂಡು, ಕೆಲಸ ಮುಗಿಸಿ, ಮತ್ತೆ ಮಲಗುತ್ತದೆ. ಅದಕ್ಕೆ ಫಂಕ್ಷನ್ ಎನ್ನುತ್ತೇವೆ. ಒಬ್ಬರು ಒತ್ತಿದರೆ ಒಂದು ಏಳುತ್ತದೆ, ನೂರು ಜನ ಒತ್ತಿದರೆ ನೂರು. ಕರೆದಾಗ ಬರುವ ಆಳಿದ್ದಂತೆ. ಮನೆಯಲ್ಲಿ ಕೂರಿಸಿಕೊಂಡು ಸಾಕಬೇಕಿಲ್ಲ. ಒಂದೇ ಷರತ್ತು: ಇಷ್ಟು ಸೆಕೆಂಡಿನೊಳಗೆ ಕೆಲಸ ಮುಗಿಯದಿದ್ದರೆ ಅದನ್ನು ಅಲ್ಲೇ ನಿಲ್ಲಿಸಿಬಿಡುತ್ತಾರೆ. ಅದೇ ಟೈಮ್‌ಔಟ್.

ಎಂಥ ಎದುರಾಳಿ ನೋಡಿ. ಸಮಯ ಮೀರಿತು ಎಂದಷ್ಟೇ ಹೇಳುತ್ತದೆ. ಏಕೆ ಮೀರಿತು? ಉತ್ತರವಿಲ್ಲ. ವಾದವನ್ನೇ ಮಂಡಿಸದವನನ್ನು ಖಂಡಿಸುವುದು ಹೇಗೆ?

ಮೊದಲ ಸಲ ಕೈಕೊಟ್ಟಾಗ ಕೆಲಸಕ್ಕೆ ಸಮಯ ಸಾಲುತ್ತಿಲ್ಲವೆಂದುಕೊಂಡು ಮಿತಿಯನ್ನು ಹೆಚ್ಚಿಸಿದ್ದೆ. ಎರಡನೇ ಸಲ ಅದು ಮೊದಲಿಗಿಂತ ನಿಧಾನವಾಗಿ, ಮೊದಲಿಗಿಂತ ಹೆಚ್ಚು ಜನರಿಗೆ ಕೈಕೊಟ್ಟಿತು. ಹಳ್ಳಿಯ ನೆಟ್‌ವರ್ಕ್ ಸರಿಯಿಲ್ಲವೇನೋ ಎಂದು ನೋಡಿದರೆ, ಮಳವಳ್ಳಿ ಪೇಟೆಯ ನಡುವೆ ಮನೆಯಿದ್ದವರಿಗೂ ಅದೇ ಕತೆ. ನಾನು ಗುತ್ತಲಿನಲ್ಲಿ ಕುಳಿತು ಒತ್ತಿದಾಗ ಮಾತ್ರ ಕಣ್ಣು ಮಿಟುಕಿಸುವುದರೊಳಗೆ ಉತ್ತರ.

"ನೀನ್ ಒತ್ತುದ್ರೆ ಓಯ್ತದೆ, ಅವ್ರು ಒತ್ತುದ್ರೆ ಓಗಲ್ಲ. ನಿನ್ ಬೆರಳಲ್ಲೇನಾರ ಅದಾ ಲೇ?" ಎಂದ ಗೆಳೆಯ.

"ಬೆರಳ ಬಗ್ಗೆ ಪುರಾವೆ ಕೊಡು, ಒಪ್ತೀನಿ."

"ನಿಂಗೆ ಪುರಾವೆ ಕೊಟ್ಟು ಗೆದ್ದೋರು ಯಾರವ್ರೆ ಬುಡು."

ಕೊನೆಗೆ ಇಬ್ಬರೂ ಆ್ಯಪಿನ ದಾಖಲೆಯಾದ ಲಾಗ್ ತೆರೆದು, ಗುಂಡಿ ಒತ್ತಿದ ಹೊತ್ತುಗಳನ್ನೆಲ್ಲ ಗ್ರಾಫಿನ ಗೆರೆಯಾಗಿ ಎಳೆದೆವು. ಮೊದಲನೆಯದು ಸೋಮವಾರ: ಬೆಳಿಗ್ಗೆ ಒಂಬತ್ತರವರೆಗೆ ಹೆಚ್ಚುಕಡಿಮೆ ಬರಿ ನೆಲ, ಒಂಬತ್ತಾದದ್ದೇ ನೆಟ್ಟಗೆ ಗೋಡೆ. ಎರಡನೆಯದು ಬುಧವಾರ: ಮಧ್ಯಾಹ್ನ ಒಂದೂವರೆವರೆಗೆ ನೆಲ, ಆಮೇಲೆ ಅದೇ ಗೋಡೆ. ಮನುಷ್ಯರು ಹೀಗೆ ಒತ್ತುತ್ತಾರೆಯೇ? ಒಬ್ಬ ಮುಂಚೆ, ಒಬ್ಬ ಊಟ ಮುಗಿಸಿ, ಒಬ್ಬ ಮರೆತು ಸಂಜೆಗೆ, ಹೀಗೆ ತಾನೆ ಇರಬೇಕು? ಕರೆಂಟು ಬರುವ ಹೊತ್ತಿರಬಹುದು ಎಂದು ಗೆಳೆಯ ವಾದ ಹೂಡಿದ. ಮೊಬೈಲೇನು ಪಂಪ್‌ಸೆಟ್ಟೇ ಎಂದು ಅದನ್ನು ಕೆಡವಿದೆ. ಕೆಡವಿದ ಜಾಗದಲ್ಲಿ ಇಡಲು ನನ್ನ ಬಳಿ ಬೇರೇನೂ ಇರಲಿಲ್ಲ. ಅತ್ತೆಗೇ ಫೋನ್ ಮಾಡಿದೆ.

"ಯಾಕತ್ತೆ ಎಲ್ರೂ ಒಂದೇ ಸಲ ಒತ್ತುತಾರೆ?"

"ಇನ್ನೇನು ಮತ್ತೆ? ರಾಹುಕಾಲ ಕಳೀಬೇಡ್ವಾ?"

"ಏನು?"

"ರಾಹುಕಾಲ ಕಣಮ್ಮಿ. ಉಳ ಮನೆಗೆ ತರೋ ಮಾತು, ಕೆಟ್ಟೊತ್ತಲ್ಲಿ ಒತ್ತುತಾರಾ? ಒಂದೂವರೆ ಆದ್ಮೇಲೆ ಒತ್ರಪ್ಪಾ ಅಂತ ನಾನೇ ಮೊಬೈಲ್ ಗುಂಪ್ಗೆ ಆಕಿದ್ದೆ. ನಿಂಗೂ ಸಲೀಸಾಯ್ತದೆ ಅಂತ."

ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ಸೋಮವಾರ ಏಳೂವರೆಯಿಂದ ಒಂಬತ್ತು. ಬುಧವಾರ ಹನ್ನೆರಡರಿಂದ ಒಂದೂವರೆ. ಅಷ್ಟು ದಿನ ಕಣ್ಣೆದುರಿಗೇ ತೂಗಿತ್ತು. ಆದರೆ ರಾಹುಕಾಲ ಎಂಬುದು ಇಲ್ಲವೆಂದು ನಾನು ಹೈಸ್ಕೂಲಿನಲ್ಲೇ ತೀರ್ಮಾನಿಸಿಬಿಟ್ಟಿದ್ದೆ. ಇಲ್ಲದ್ದನ್ನು ಕಾರಣವೆಂದು ಯಾರಾದರೂ ಹುಡುಕುತ್ತಾರೆಯೇ? ನನ್ನ ಫಂಕ್ಷನ್‌ಗಳು ಮಾತ್ರ ಅದನ್ನು ಚಾಚೂ ತಪ್ಪದೆ ಆಚರಿಸುತ್ತಿದ್ದವು. ಆ ಒಂದೂವರೆ ಗಂಟೆ ಕೆಲಸವಿಲ್ಲದೆ ಎಲ್ಲವೂ ಮಲಗಿಬಿಡುತ್ತಿದ್ದವು. ಒಳ್ಳೆಯ ಹೊತ್ತು ಬಂದೊಡನೆ ಅಷ್ಟೂ ಒಟ್ಟಿಗೆ ಎದ್ದು, ಒಂದು ಸಲಕ್ಕೆ ಕೆಲವರನ್ನಷ್ಟೇ ಒಳಬಿಡುವ ಡೇಟಾಬೇಸಿನ ಬಾಗಿಲಿಗೆ ನುಗ್ಗುತ್ತಿದ್ದವು. ಹೊರಗೆ ನಿಂತವುಗಳ ಸಮಯ ನಿಂತಲ್ಲೇ ಮುಗಿಯುತ್ತಿತ್ತು. ಅತ್ತ ರೈತ ಇನ್ನೊಂದು ಸಲ ಒತ್ತುತ್ತಿದ್ದ. ನಾನು ಮಿತಿ ಹೆಚ್ಚಿಸಿ ಮಾಡಿದ್ದಿಷ್ಟೆ: ನಿಂತವರು ಇನ್ನಷ್ಟು ಹೊತ್ತು ನಿಲ್ಲುವಂತಾಯಿತು, ಸಾಲು ಬೆಳೆಯಿತು.

ಹಾಗಿದ್ದರೆ ಉಪಾಯ ಸುಲಭವಲ್ಲವೇ? ರಾಹುಕಾಲ ಬಿಡಿಸಿದರೆ ಟೈಮ್‌ಔಟೂ ಬಿಡುತ್ತದೆ. ಅತ್ತೆಯ ಗುಂಪಿಗೆ ಧ್ವನಿಸಂದೇಶ ಕಳಿಸಿದೆ. ಹುಳಕ್ಕೆ ಗಡಿಯಾರ ಗೊತ್ತಿಲ್ಲ, ಗ್ರಹ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಸೊಪ್ಪು ಮಾತ್ರ ಎಂದು ಶುರುಮಾಡಿ, ಬೇಕಾದರೆ ಪರೀಕ್ಷಿಸಿ ನೋಡಿ, ರಾಹುಕಾಲದಲ್ಲಿ ಒತ್ತಿದ ಯಾರಿಗೂ ಈ ಆ್ಯಪ್ ಇವತ್ತಿನವರೆಗೆ ಕೈಕೊಟ್ಟಿಲ್ಲ, ಲಾಗ್ ನನ್ನ ಮುಂದಿದೆ ಎಂದು ಮುಗಿಸಿದೆ. ನಿಜವೇ ತಾನೆ? ವೇದಿಕೆಯ ಮೇಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು.

ಮಳವಳ್ಳಿ ಕಡೆಯ ಹಿರಿಯ ರೈತರೊಬ್ಬರಿಂದ ಉತ್ತರ ಬಂತು. "ಅವ್ವ, ನೀನ್ ಏಳದು ಸರಿಯಾಗೇ ಅದೆ. ರಾಹುಕಾಲದಲ್ಲಿ ಚೆಂದಾಗಿ ನಡೀತದೆ, ಒಳ್ಳೇ ಒತ್ತಲ್ಲಿ ಕೈಕೊಡ್ತದೆ. ಅಂಗಾರೆ ನಿನ್ನ ಆಪು ರಾಹುದೇ ಕಣವ್ವ. ನಮಗ್ಯಾಕೆ ಅದರ ಸಾವಾಸ?"

ಗೆಳೆಯ ಕುರ್ಚಿಯಿಂದ ಬೀಳುವಷ್ಟು ನಕ್ಕ. ನಾನು ಆ ಸಂದೇಶವನ್ನು ಮತ್ತೆ ಮತ್ತೆ ಕೇಳಿದೆ. ಪುರಾವೆ ನನ್ನದೇ, ತರ್ಕದಲ್ಲೂ ದೋಷವಿಲ್ಲ. ತೀರ್ಮಾನ ಮಾತ್ರ ಪೂರ್ತಿ ಉಲ್ಟಾ. ಎಲ್ಲಿ ಹಿಡಿಯುವುದು?

ಅತ್ತೆ ಆ ಸಲ ಬೈಯಲಿಲ್ಲ. "ಶುಕ್ರವಾರ ಉಳ ಜ್ವರಕ್ಕೆ ಕೂರ್ತವೆ. ಏನ್ ಮಾಡ್ತೀಯೋ ಅಷ್ಟ್ರೊಳ್ಗೆ ಮಾಡು. ಬಾಸಣ ಮಾತ್ರ ಬ್ಯಾಡ" ಎಂದಳು.

ಆ್ಯಪನ್ನು ಬಿಚ್ಚಿ ಕಟ್ಟಿದೆವು. ಗುಂಡಿ ಒತ್ತಿದ ತಕ್ಷಣ "ನಿಮ್ಮ ಕೋರಿಕೆ ಬಂದಿದೆ" ಎಂಬ ಉತ್ತರ ಹೋಗುತ್ತದೆ. ಕೋರಿಕೆಗಳೆಲ್ಲ ಒಂದು ಸಾಲಿನಲ್ಲಿ ನಿಲ್ಲುತ್ತವೆ. ಹಿಂದೆ ಇನ್ನೊಂದು ಫಂಕ್ಷನ್ ಒಂದೊಂದನ್ನೇ ತೆಗೆದುಕೊಂಡು ಹೊತ್ತು ಹಂಚಿ ತಿಳಿಸುತ್ತದೆ. ಮೊದಲು ರೈತರೇ ಹೊತ್ತು ಆರಿಸುತ್ತಿದ್ದರು, ಅದರಿಂದಲೂ ನೂಕುನುಗ್ಗಲು ಆಗುತ್ತಿದ್ದುದರಿಂದ ಆ ಆಯ್ಕೆಯನ್ನೇ ತೆಗೆದೆ. ಇನ್ನೊಂದು ಕೆಲಸ ಉಳಿದಿತ್ತು: ಜನ ನುಗ್ಗುವ ಸ್ವಲ್ಪ ಮೊದಲು ಮಲಗಿದ ಫಂಕ್ಷನ್‌ಗಳನ್ನು ಎಬ್ಬಿಸಿಡಬೇಕು. ಅದಕ್ಕೆ ಯಾವ ವಾರ ಯಾವ ಹೊತ್ತು ಎಂಬ ಪಟ್ಟಿ ಬೇಕು. ಕ್ಯಾಲೆಂಡರನ್ನು ಮೊಳೆಯಿಂದ ಕಳಚಿ ಮೇಜಿನ ಮೇಲಿಟ್ಟುಕೊಂಡು ನಾನೇ ಟೈಪ್ ಮಾಡಿದೆ, ವಾರದ ಏಳೂ ದಿನದ ರಾಹುಕಾಲ. ಗೆಳೆಯ ಪಕ್ಕದಲ್ಲಿ ನಿಂತು ಒಂದೊಂದು ದಿನವನ್ನೂ ಓದಿ ಹೇಳಿದ. ನಕ್ಕಿದ್ದರೆ ಮೇಲಾಗುತ್ತಿತ್ತು.

ಶುಕ್ರವಾರ ರಾಹುಕಾಲ ಕಳೆದು ಹನ್ನೆರಡಾಯಿತು. ಗೋಡೆ ಎದ್ದಿತು. ಟೈಮ್‌ಔಟ್ ಒಂದೂ ಇಲ್ಲ. "ಒತ್ತುದೇಟ್ಗೆ ಬಂತಂತೆ ಎಲ್ಲಾರ್ಗೂವೆ" ಎಂದು ಅತ್ತೆ ಫೋನ್ ಮಾಡಿದಳು. ಗೆದ್ದೆ ಎಂದುಕೊಂಡೆ.

ಮರುದಿನ ಶನಿವಾರ, ಹುಳ ಒಯ್ಯುವುದನ್ನು ಕಣ್ಣಾರೆ ನೋಡೋಣವೆಂದು ಬೆಳಿಗ್ಗೆ ಮದ್ದೂರಿಗೆ ಹೋಗಿ ಅಲ್ಲಿಂದ ಬೆಸಗರಹಳ್ಳಿ ಬಸ್ಸು ಹತ್ತಿದೆ. ಕೇಂದ್ರದ ಗೇಟಿನ ಹೊರಗೆ ರಸ್ತೆಯುದ್ದಕ್ಕೂ ಬೈಕು, ಆಟೊ, ಒಂದೆರಡು ಗೂಡ್ಸ್ ಗಾಡಿ. ಹುಳ ಮುಚ್ಚಿಕೊಂಡೊಯ್ಯಲು ಒಗೆದ ಬಿಳಿ ಬಟ್ಟೆ ಹೆಗಲ ಮೇಲೆ ಹಾಕಿಕೊಂಡ ರೈತರು ಹರಟುತ್ತ ನಿಂತಿದ್ದರು. ಗೇಟು ದಾಟಿ ಒಬ್ಬರೂ ಒಳಗೆ ಬರುತ್ತಿಲ್ಲ. ಅಂಗಳದಲ್ಲಿ ಅತ್ತೆ ಒಬ್ಬಳೇ, ಹುಳದ ತಟ್ಟೆಗಳ ಮುಂದೆ.

"ಯಾಕತ್ತೆ ಯಾರೂ ಬತ್ತಿಲ್ಲ?"

"ಶನಿವಾರ ಒಂಬತ್ತರಿಂದ ಅತ್ತೂವರೆ ಏನವ್ವ? ರಾಹುಕಾಲದ ಪಟ್ಟಿ ಬರ್ಕಂಡೆ ಅಂತ ನೀನೇ ಅಂದಿದ್ಯಲ್ಲ? ಇವರ್ಗೆಲ್ಲಾ ಆ ಒತ್ತೇ ಕೊಟ್ಟಿದ್ದೀಯಲ್ಲ!"

ಎಬ್ಬಿಸುವುದಕ್ಕೆ ಆ ಪಟ್ಟಿ ಬಳಸಿದ್ದೆ, ಹಂಚುವುದಕ್ಕೆ ಬಳಸಿರಲಿಲ್ಲ. ಮೊದಲು ರೈತರೇ ಆರಿಸುವಾಗ ಆ ಹೊತ್ತನ್ನು ಯಾರೂ ಮುಟ್ಟುತ್ತಿರಲಿಲ್ಲ, ಹಾಗಾಗಿ ತೊಂದರೆಯೇ ಇರಲಿಲ್ಲ. ನನ್ನ ಸಾಲು ಅದನ್ನೂ ಬೇರೆ ಹೊತ್ತುಗಳಂತೆಯೇ ನಿಷ್ಪಕ್ಷಪಾತವಾಗಿ ಹಂಚಿತ್ತು.

ಬಗ್ಗಿ ನೋಡಿದೆ. ಒಂದು ತಟ್ಟೆಯ ಅಂಚಿನಲ್ಲಿ ಕೆಲವು ಹುಳ ಆಗಲೇ ಎದ್ದು ತಲೆಯಾಡಿಸುತ್ತಿದ್ದವು. ಹೊರಗೆ ಹೋಗಿ "ಹುಳ ಏಳ್ತಾವೆ, ದಯವಿಟ್ಟು ಬನ್ನಿ" ಎನ್ನೋಣವೆಂದು ಹೆಜ್ಜೆಯಿಟ್ಟೆ. ಅತ್ತೆ ಕೈಹಿಡಿದು ನಿಲ್ಲಿಸಿದಳು.

"ಸುಮ್ಕಿರು. ಇವ್ರು ಬರಲ್ಲ. ಬಾ, ಉಳ ಎದ್ದಿರೋ ತಟ್ಟೆಗಳ್ನ ಬಾಗ್ಲತಾವ್ಕೆ ಜೋಡ್ಸು. ಅವು ಮೊದ್ಲು ಓಗ್ಲಿ."

ಹತ್ತೂವರೆಗೆ ಅಣೆಕಟ್ಟೆಯ ಗೇಟು ತೆರೆದಂತೆ ಅಷ್ಟೂ ಜನ ಒಳನುಗ್ಗಿದರು. ಬೈಕಿಗೆ ಬೈಕು ತಾಗಿ, ಒಬ್ಬರ ಬಟ್ಟೆ ಇನ್ನೊಬ್ಬರ ಕಾಲಿಗೆ ಸಿಕ್ಕಿ, "ಸರೀಲಾ ಅತ್ಲಾಗೆ", "ನೀನ್ ಸರಿ, ನಂದು ಮೊದ್ಲು ಕಣ್ಲಾ" ಎಂಬ ಗದ್ದಲ. ಅತ್ತೆ ಬಾಗಿಲಲ್ಲಿ ನಿಂತು ದೂರದ ಊರಿನವರನ್ನು ಮೊದಲು ಕರೆದಳು. ನಾನು ತಟ್ಟೆ ಎತ್ತಿ ಕೊಡುತ್ತ ಹೋದೆ. ನಡುಹಗಲಿನ ಬಿಸಿಲೇರುವ ಮುನ್ನ ಕೊನೆಯ ಗಾಡಿಯೂ ಹೊರಟಿತು. ಹುಳ ಯಾವುದೂ ಕೆಡಲಿಲ್ಲ.

ಮಳವಳ್ಳಿಯ ಆ ಹಿರಿಯರು ಹೊರಡುವ ಮುಂಚೆ ನನ್ನನ್ನು ಗುರುತಿಸಿದರು. "ಈಗ ಪರ್ವಾಗಿಲ್ಲ ಕಣವ್ವ ನಿನ್ನ ಆಪು. ರಾಹುನ ಬುಡ್ಸಿದ್ದೀಯ."

"ರಾಹು ಅಲ್ಲ ಯಜಮಾನ್ರೇ. ಎಲ್ಲರೂ ಒಟ್ಟಿಗೆ ಒತ್ತಿದ್ದೇ ಕಾರಣ. ಸಾಲು ಮಾಡಿದೆ, ಸರಿಹೋಯ್ತು."

"ಅದೇ ಕಣವ್ವ ನಾನೂ ಏಳ್ತಾ ಇರದು" ಎಂದು ಬೈಕ್ ಹತ್ತಿದರು. ಅವರು ನನ್ನ ವಾದವನ್ನು ಒಪ್ಪಿದರೋ, ನಾನು ಅವರದನ್ನು ಒಪ್ಪಿದೆ ಎಂದುಕೊಂಡರೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಅತ್ತೆ ಖಾಲಿ ತಟ್ಟೆಗಳನ್ನು ಗೋಡೆಗೆ ಒರಗಿಸುತ್ತಿದ್ದಳು. ನಾನೇ ಕೇಳಿದೆ, "ಫೋನಿಗೇ ಹೋಗ್ತೀಯಾ ಅತ್ತೆ?"

"ಯಾಕೆ? ಒತ್ತುದೇಟ್ಗೆ ಬತ್ತದಲ್ಲ, ಇರ್ಲಿ. ಆ ಒಂದೂವರೆ ಗಂಟೆನ ಮಾತ್ರ ತಗುದ್ಬುಡು."

"ಅತ್ತೆ, ಅದನ್ನ ತೆಗೆದ್ರೆ ಉಳಿದ ಹೊತ್ತಲ್ಲಿ ಇನ್ನೂ ನೂಕುನುಗ್ಗಲಾಗುತ್ತೆ. ಲೆಕ್ಕಕ್ಕೆ ನೋಡಿದ್ರೆ..."

"ಅಮ್ಮಿ."

ಅಲ್ಲೇ ಜಗಲಿಯ ಮೇಲೆ ಕುಳಿತು ಲ್ಯಾಪ್‌ಟಾಪ್ ತೆರೆದು ರಾಹುಕಾಲವನ್ನು ಹಂಚಿಕೆಯಿಂದ ತೆಗೆದೆ. ತೆಗೆದದ್ದೇಕೆ ಎಂದು ಕೋಡಿನ ಪಕ್ಕದಲ್ಲಿ ಒಂದು ಸಾಲು ಬರೆಯುವುದು ನಮ್ಮ ಪದ್ಧತಿ. "ಈ ಹೊತ್ತಿನಲ್ಲಿ" ಎಂದು ಬರೆದು ನಿಲ್ಲಿಸಿದೆ. ಒಳಗಿನಿಂದ ಅತ್ತೆ ಊಟಕ್ಕೆ ಕರೆದಳು. ಸಾಲನ್ನು ಪೂರ್ತಿ ಮಾಡದೆಯೇ ಎದ್ದೆ.